ಅಧ್ಯಕ್ಷರ ಜಾಗ

ಪುರಸಭೆಯ ಎದುರು ಸಮುದ್ರಮಥನದ ಶಿಲ್ಪ ಏಳುತ್ತಿತ್ತು. ಹಾವನ್ನು ಹಿಡಿದು ಎಳೆಯುವವರಲ್ಲಿ ಒಬ್ಬನಿಗೆ ತಮ್ಮ ಮುಖ ಇರಬೇಕೆಂದು ಅಧ್ಯಕ್ಷರ ಆಸೆ. ಶಿಲ್ಪಿ ಬಾಲದ ಕಡೆಯ ಮೂರ್ತಿಯೊಂದಕ್ಕೆ ಅವರ ಮೂಗು, ಮೀಸೆ ತಿದ್ದಿ ತೋರಿಸಿದ.

“ಏನ್ರೀ ಆಚಾರ್ರೇ, ಊರಿಗೇ ಅಧ್ಯಕ್ಷ ಆಗಿ ನಾನು ಬಾಲ ಹಿಡ್ಕೊಂಡು ನಿಂತ್ಕೋಬೇಕಾ?”

“ಈ ಕಡೆಯವ್ರೇ ಒಳ್ಳೆಯವ್ರು ಸ್ವಾಮಿ. ಪುರಾಣದಲ್ಲಿ...”

“ನನಗೇ ಪುರಾಣ ಹೇಳ್ತೀರಾ? ಎದುರು ಪಾರ್ಟಿಯವ್ರು ನಗ್ತಾರೆ ಕಣ್ರೀ! ಹಾವಿನ ತಲೆ ಹತ್ರ ನಿಲ್ಲಿಸಿ. ಆಗಲ್ಲ ಅಂದ್ರೆ ಹೇಳಿ, ಬೇರೆಯವ್ರಿಗೆ ಕೆಲಸ ಕೊಡ್ತೀನಿ.”

ಕೆಲಸ ಎಲ್ಲಿ ಕೈತಪ್ಪುತ್ತದೋ ಎಂದು ಹೆದರಿದ ಶಿಲ್ಪಿ, ಸಿಮೆಂಟಿನ ಬಾಂಡ್ಲಿ ಎತ್ತಿಕೊಂಡು ತಲೆಯ ಕಡೆಗೆ ನಡೆದ. ಅಲ್ಲಿಂದಲೇ ವಿನಯವಾಗಿ ಕೇಳಿದ:

“ನಿಮ್ಮ ಕೋರೆಹಲ್ಲು ಎಷ್ಟುದ್ದ ಇರ್ಲಿ ಸ್ವಾಮಿ?”