ಟೆಕ್ಸಾಸಿನ ಗಿರಾಕಿ

ರಾಜೀನಾಮೆ ಪತ್ರವನ್ನು ಮಿಲಿಂದ ಮೂರು ಸಲ ಬರೆದ. ಮೂರು ಸಲವೂ ಅದು ಬೈಗುಳದ ಹಾಗೇ ಬಂತು. ನಾಲ್ಕನೆಯ ಸಲ ಬೈಗುಳ ತೆಗೆಯುವ ಗೋಜಿಗೇ ಹೋಗದೆ ಸಹಿ ಹಾಕಿದ.

ತಾರಿಹಾಳದ ಒಂದು ಪಂಪು ಕಾರ್ಖಾನೆಯಲ್ಲಿ ಅವನು ಸ್ಟೋರ್ ಆಫೀಸರ್. ಎಂಟು ವರ್ಷದ ಖಾಯಂ ನೌಕರಿ, ಒಂಬತ್ತು ಸಾವಿರ ಪಗಾರ. 2006ರಲ್ಲಿ ಹುಬ್ಬಳ್ಳಿಯ ಅರ್ಧ ಊರು ಇಂಥ ಕುರ್ಚಿಗೆ ಬಾಯಿ ಬಾಯಿ ಬಿಡುತ್ತಿತ್ತು. ಮಹಾಶಯನಿಗೆ ಮಾತ್ರ ಅದರ ಮೇಲೆ ಕೂರಲು ನಾಚಿಕೆ! ಅವನು ಈಗ ಇಂಟರ್ನೆಟ್ಟಿನಲ್ಲಿ ದುಡ್ಡಿಟ್ಟು ಪೋಕರ್ ಆಡುತ್ತಿದ್ದ. ಇಸ್ಪೀಟು ಅಂದರೆ ಸಿಟ್ಟಿಗೇಳುತ್ತಿದ್ದ. ಅದು ಬುದ್ಧಿವಂತರ ಉದ್ಯೋಗವಂತೆ.

ಏಳು ತಿಂಗಳಿಂದ ಪ್ರತಿ ತಿಂಗಳೂ ಪಗಾರಕ್ಕಿಂತ ಹೆಚ್ಚು ಗೆದ್ದಿದ್ದು ಸುಳ್ಳಲ್ಲ. ಅದರಲ್ಲಿ ಮುಕ್ಕಾಲು ಪಾಲು ಒಬ್ಬನಿಂದಲೇ ಬಂದದ್ದು. ಹೆಸರಿನ ಮುಂದೆ ಟೆಕ್ಸಾಸ್ ಎಂದು ಬರೆದುಕೊಂಡಿದ್ದ ಒಬ್ಬ ಅಮೆರಿಕದ ಗಿರಾಕಿ. ಸಂಜೆ ಏಳಕ್ಕೆ ಮಿಲಿಂದ ಇಬ್ಬರೇ ಆಡುವ ಟೇಬಲ್ಲಿಗೆ ಬಂದರೆ ಸಾಕು, ಎದುರಿಗೆ ಹಾಜರು. ಕೈಯಲ್ಲಿ ಏನೂ ಇಲ್ಲದಾಗ ದುಡ್ಡು ಸುರಿಯುತ್ತಿದ್ದ. ಎಷ್ಟೇ ದುಡ್ಡು ಹಾಕಿದ್ದರೂ ಮಿಲಿಂದ ಪಣ ಏರಿಸಿ ಗದರಿಸಿದ ಕೂಡಲೇ ಎಲೆ ಚೆಲ್ಲಿಬಿಡುತ್ತಿದ್ದ. ಒಮ್ಮೊಮ್ಮೆ ಆಟದ ನಡುವೆಯೇ ಮಾಯ. ಊರಲ್ಲಿ ಕರೆಂಟು ಹೋಗಿ ಮಿಲಿಂದ ಬ್ಯಾಟರಿಯ ಮೇಲೆ ಆಡುತ್ತಿರುವಾಗ ಹೀಗೆ ಎಷ್ಟೋ ಸಲ ಆಗಿತ್ತು. ಹೆದರಿ ಓಡಿದ ಎಂದು ಮಿಲಿಂದ ನಗುತ್ತಿದ್ದ.

ಗೆದ್ದ ಡಾಲರುಗಳನ್ನು ತನ್ನ ಆಟದ ಖಾತೆಗೆ ಹಾಕಿಸಿಕೊಂಡು ರೂಪಾಯಿ ಕೊಡುತ್ತಿದ್ದವನು ದುರ್ಗದಬೈಲಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಶರೀಫಸಾಬ. ಇಷ್ಟೆಲ್ಲ ಡಾಲರು ಏನು ಮಾಡುತ್ತೀ ಎಂದು ಮಿಲಿಂದ ಒಮ್ಮೆ ಕೇಳಿದ. ಊರಲ್ಲೇ ಇನ್ನೊಬ್ಬರು ಆಡುವವರಿದ್ದಾರೆ, ವಾರಕ್ಕೊಮ್ಮೆ ಬಂದು ಕೊಂಡೊಯ್ಯುತ್ತಾರೆ ಎಂದ ಶರೀಫಸಾಬ. ಎಂಥೆಂಥ ದರಿದ್ರರೆಲ್ಲ ಆಟಕ್ಕಿಳಿದರಪ್ಪ ಎಂದು ಮಿಲಿಂದ ನೋಟು ಜೇಬಿಗಿಳಿಸಿದ.

ಸ್ಟೋರಿನಲ್ಲಿ ಅವನ ಕೈಕೆಳಗೆ ಫಕೀರೇಶ ಎಂಬವನಿದ್ದ. ಹೆಬ್ಬಳ್ಳಿ ಎಂಬ ಹಳ್ಳಿಯವನು, ಆರು ವರ್ಷದಿಂದ ದಿನಗೂಲಿ, ಹುಬ್ಬಳ್ಳಿಯಲ್ಲಿ ಒಂದು ಸೈಬರ್ ಕೆಫೆಯ ಮೇಲಿನ ಖೋಲಿಯಲ್ಲಿ ವಾಸ. ಸ್ಟೋರಿಗೆ ಖಾಯಂ ಜಾಗ ಒಂದೇ, ಅದರಲ್ಲಿ ಮಿಲಿಂದ ಕೂತಿದ್ದ. ಕೂತಿದ್ದ ಅಷ್ಟೇ, ಸಾಮಾನು ಎತ್ತಿಡುವುದು, ಅದನ್ನು ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೆ ಹೊಡೆಯುವುದು ಎಲ್ಲ ಫಕೀರೇಶನ ಪಾಲು. ಊಟದ ಹೊತ್ತಿಗೆ ಮಿಲಿಂದ ತನ್ನ ಪ್ರತಾಪ ಬಿಚ್ಚುತ್ತಿದ್ದ. ಯಾವ ವೆಬ್‌ಸೈಟು, ಯಾವ ಟೇಬಲ್ಲು, ಅಲ್ಲಿ ತನ್ನ ಹೆಸರೇನು ಎಲ್ಲ ಹೇಳುತ್ತಿದ್ದ. ಬಾಯಿ ತೆರೆದು ಕೇಳುವವನು ಫಕೀರೇಶನೊಬ್ಬನೇ.

"ನಿಮ್ಮಂಥಾವ್ರು ಇಲ್ಲಿ ಕುಂತು ನಟ್ಟು ಬೋಲ್ಟು ಎಣಸೂದು ಛಲೋ ಕಾಣಂಗಿಲ್ರಿ ಸರ," ಎನ್ನುತ್ತಿದ್ದ ಅವನು. ಅಷ್ಟಾದರೂ ಈ ಗಮಾರನಿಗೆ ತಿಳಿಯಿತಲ್ಲ ಎಂದು ಮಿಲಿಂದನಿಗೆ ಸಮಾಧಾನ.

ಫಕೀರೇಶ ತನ್ನ ಪಾಲಿನ ಒಂದೂವರೆ ಎಕರೆ ಹೊಲ ಮಾರಿದ ಸುದ್ದಿ ಯುಗಾದಿಯ ಹೊತ್ತಿಗೆ ಸ್ಟೋರಿಗೂ ಬಂತು. ಯಾಕೆ ಮಾರಿದೆಯೋ ಎಂದು ಮಿಲಿಂದ ಕೇಳಿದ.

"ಖಾಯಂ ನೌಕರಿಗಂತ ಮಾರೇನ್ರಿ ಸರ. ಒಬ್ಬರಿಗೆ ಕೊಡಾಕತ್ತೇನ್ರಿ, ಕಂತಿನ್ಯಾಗ."

ಮಿಲಿಂದನಿಗೆ ನಗುವಿನಲ್ಲಿ ಚಹಾ ನೆತ್ತಿಗೇರಿತು. ಯಾವನೋ ದಲಾಲ ಸರ್ಕಾರಿ ನೌಕರಿಯ ಆಸೆ ತೋರಿಸಿ ಈ ದಡ್ಡನ ಹೊಲ ನುಂಗುತ್ತಿದ್ದಾನೆ! ರಸೀದಿಯಾದರೂ ಕೊಡುತ್ತಾನೋ ಎಂದು ಕೇಳಿದ. ಇಲ್ಲವೆಂದು ಫಕೀರೇಶ ತಲೆ ತಗ್ಗಿಸಿದ. ಈ ಕಥೆ ಹೇಳಿ ಮಿಲಿಂದ ಇಡೀ ಕಾರ್ಖಾನೆಯನ್ನು ಒಂದು ವಾರ ನಗಿಸಿದ.

ರಾಜೀನಾಮೆಯ ಮಾತು ಕೇಳಿ ನಗದವಳು ಹೆಂಡತಿ ಸುಮೇಧಾ. ಅವಳು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಐದು ತಿಂಗಳ ಬಸುರಿ. ಇನ್ನೆರಡು ತಿಂಗಳಿಗೆ ಕೆಲಸ ಬಿಡುವವಳಿದ್ದಳು. ಆಮೇಲೆ ಮನೆ ನಡೆಯಬೇಕಾದದ್ದು ಗಂಡನ ಪಗಾರದ ಮೇಲೆ. ಅವಳಿಗೆ ಭಯವಾಗಿತ್ತು, ಅದನ್ನು ಮುಚ್ಚಿಡಲಿಲ್ಲ.

"ಗೆದ್ದದ್ದೆಲ್ಲಾ ಒಬ್ಬನ ಕಡಿಂದ. ಅಂವಾ ಸೋಲೋದು ಬಿಟ್ರ ಏನ್ಮಾಡ್ತೀರಿ?"

"ಜಗತ್ತಿನ್ಯಾಗ ದಡ್ಡರಿಗೇನು ಬರಗಾಲ ಬಂದದ?"

"ಇಲ್ಲ ಅಂತ ನನಗೂ ಅನಸ್ತದ," ಎಂದು ಸುಮೇಧಾ ಒಳಗೆ ಹೋದಳು. ಮಾತಿನ ಚುಚ್ಚು ಅವನಿಗೆ ತಾಗಲೇ ಇಲ್ಲ.

ಮ್ಯಾನೇಜರು ಒಳ್ಳೆಯವರು. ಪತ್ರ ಓದಿಯೂ ಸಿಟ್ಟಾಗದೆ, ಒಂದು ವಾರ ತಡೆಯಿರಿ, ಮನಸ್ಸು ಬದಲಾದರೆ ಹರಿದುಹಾಕೋಣ ಎಂದರು. ಮಿಲಿಂದ ಕಾಲ ಮೇಲೆ ಕಾಲು ಹಾಕಿಕೊಂಡ. ಒಂದನೇ ತಾರೀಖಿಗೆ ತನ್ನನ್ನು ಬಿಡಬೇಕು ಎಂದ. ಕೆಲಸ ಗೊತ್ತಿದ್ದವರು ಇಷ್ಟು ಬೇಗ ಎಲ್ಲಿ ಸಿಗುತ್ತಾರೆ ಎಂದು ಅವರು ಪೇಚಾಡಿದರು. ಆ ಗಮಾರ ಫಕೀರೇಶನನ್ನೇ ಕೂರಿಸಿ, ಈ ಕುರ್ಚಿಗೆ ಅಷ್ಟು ಮಿದುಳು ಧಾರಾಳವಾಯಿತು ಎಂದು ಮಿಲಿಂದ ಬಾಗಿಲು ದಾಟಿದ. ಹೊರಗೆ ಫಕೀರೇಶ ಅವನ ಕಾಲಿಗೆ ಬಿದ್ದ.

ಒಂದನೇ ತಾರೀಖು ಸಂಜೆ ಏಳಕ್ಕೆ, ಯಾರ ಹಂಗೂ ಇಲ್ಲದ ಗಂಡಸಾಗಿ, ಮಿಲಿಂದ ಕಂಪ್ಯೂಟರಿನ ಮುಂದೆ ಕೂತ. ಟೆಕ್ಸಾಸಿನವನು ಬಂದ. ಆದರೆ ಆಡಲಿಲ್ಲ. ಏಳು ತಿಂಗಳಲ್ಲಿ ಒಂದಕ್ಷರ ಬರೆಯದವನು ಇಂದು ಪರದೆಯ ಮೂಲೆಯಲ್ಲಿ ಇಂಗ್ಲಿಷ್ ಅಕ್ಷರಗಳ ಒಂದು ಸಾಲು ಬರೆದ. ಮಿಲಿಂದ ಎರಡು ಸಲ ಓದಿದ, ಇಂಗ್ಲಿಷಿನಲ್ಲಿ ಅರ್ಥವಾಗಲಿಲ್ಲ. ಮೂರನೆಯ ಸಲ ಬಾಯಿಬಿಟ್ಟು ಓದಿದಾಗ ಅದು ಕನ್ನಡವಾಯಿತು.

"ಖಾಯಂ ಆರ್ಡರ್ ಕೈಗೆ ಬಂತ್ರಿ ಸರ, ನಿಮಗ ಕೊಡೂ ಕಂತು ಇವತ್ತಿಗೆ ಮುಗೀತ್ರಿ."