ಮೌಳಿಯ ವಶದಲ್ಲಿದ್ದ ಮೊದಲ ಭೇಟಿ

ವಾಗ್ದೇವಿಗೆ ನಮಸ್ಕಾರ. ಹೇಳಿದ ನೆನಪು ಹೇಳಿದವನನ್ನು ತೊರೆದು ಕೇಳಿದವನಲ್ಲಿ ನೆಲೆಸುವ ಈ ಲೋಕದಲ್ಲಿ ಆಕೆ ನಮಗೆ ಮಾತನ್ನು ಕೊಟ್ಟಳು. ಬಾಯಿಗೆ ಬಾಗಿಲಿಡುವುದನ್ನು ಮರೆತಳು.

ಕಾಲೇಜಿನಲ್ಲಿದ್ದಾಗ ಅಂಬುಜಾಕ್ಷಿಯನ್ನು ಮೊದಲ ಸಲ ಹೋಟೆಲಿಗೆ ಕರೆದೊಯ್ದ ದಿನವೇ, ಆ ವೃತ್ತಾಂತವನ್ನು ಸಹಪಾಠಿ ಮೌಳಿಗೆ ಹೇಳಿ ಕಳೆದುಕೊಂಡೆ. ಅವಳೂ ತನ್ನ ನೆನಪನ್ನು ಗೆಳತಿಯೊಬ್ಬಳಿಗೆ ಹೇಳಿ ಕಳೆದುಕೊಂಡಳು. ಆ ಗೆಳತಿ ಈಗಿಲ್ಲ. ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದಾಗ ಅಂಬುಜಾಕ್ಷಿಗೆ ಆ ದಿನ ಬೇಕೆನಿಸಿತು. ಮೌಳಿಯನ್ನು ಊಟಕ್ಕೆ ಕರೆದು ಅದನ್ನು ಕೇಳಿದೆವು.

"ಕೊಡಲ್ಲ ಕಣೋ. ಕಾಲೇಜಿನದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ದಿನಾ ನೆನೆಸ್ಕೊಂಡು ನಗ್ತೀನಿ," ಎಂದ ಮೌಳಿ.

"ನಮ್ಮ ಹತ್ರ ಅದೂ ಇಲ್ವಲ್ಲ, ಅಣ್ಣಾ," ಎಂದಳು ಅಂಬುಜಾಕ್ಷಿ.

ಮೌಳಿ ಸೋತ. "ನಿಮ್ಮ ಮುಖ ನೋಡೋಕೆ ಹೆದರಿ ಇವನು, ದೋಸೆ ಮುಗಿಯೋವರೆಗೂ ಶ್ರಾದ್ಧದ ಅಡುಗೆಗೆ ಯಾವ ತರಕಾರಿ ಸಲ್ಲದು ಅಂತ ವಿವರಿಸಿದನಮ್ಮ. ನೀವು ಆಕಳಿಸಿದ್ರಿ. ಅದನ್ನೇ ಒಪ್ಪಿಗೆ ಅಂದ್ಕೊಂಡ."

ಅಂಬುಜಾಕ್ಷಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮೌಳಿ ಪಿಳಿಪಿಳಿ ನೋಡುತ್ತ, "ಯಾಕೆ ನಗ್ತಿದೀರಿ? ನನಗೂ ಹೇಳ್ರಪ್ಪ," ಎಂದ.

ಕೇಳಿದ ನಮ್ಮಿಬ್ಬರಲ್ಲೂ ಅದು ನೆಲೆಸಿತ್ತು. ಅವಳ ಪಾಲು ಅವಳಲ್ಲೇ ಇರಲೆಂದು, ನನ್ನ ಪಾಲನ್ನು ಮೌಳಿಗೆ ಮರಳಿಸಲು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕಥೆಯನ್ನು ಹೇಳಿದೆ. ಅವನೀಗ ಹೊಟ್ಟೆ ಹಿಡಿದು ನಗುತ್ತಿದ್ದಾನೆ. ಏಕೆಂದು ನನಗೆ ತಿಳಿಯದು. ಕೇಳಿದ ಸರ್ವರಿಗೂ ಅಂಥದೇ ನಗು ಲಭಿಸಲಿ, ಮಂಗಳವಾಗಲಿ.