ತೋಳಿನ ಮೇಲಿನ ಸುಣ್ಣ

ಪುರಸಭೆಯ ಐದೂ ಕಿಟಕಿಗಳಲ್ಲಿ ಕೂತಿದ್ದವನು ಗುಮಾಸ್ತ ಕುಂದರಗಿಯೇ. ಬರುವ ಜನ ಹೆಚ್ಚಾದಾಗ ಹೊಸ ಗುಮಾಸ್ತರನ್ನು ತೆಗೆದುಕೊಳ್ಳದೆ ಅವನನ್ನೇ ಐವರನ್ನಾಗಿ ಮಾಡಿಸಿದ್ದರು. ಎಲ್ಲಿ ಸಾಲು ಚಿಕ್ಕದೋ ಆ ಕಿಟಕಿಗೆ ಹೋಗಿರೆಂದು ಬಾಗಿಲ ಯಂತ್ರ ಹೇಳುತ್ತಿತ್ತು.

ಚಂಪವ್ವನಿಗೆ ಇದರ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಮುಖ ಐದೂ ಒಂದೇ ಇರಬಹುದು, ನಾಲಿಗೆ ಒಂದೇ ಎಂದು ಏನು ಖಾತ್ರಿ? ರಸ್ತೆಗಾಗಿ ಕೆಡವುವ ಮನೆಗಳ ಪಟ್ಟಿಯಿಂದ ಅವಳ ಮನೆಯನ್ನು ತೆಗೆಯುತ್ತೇನೆಂದು ನಿನ್ನೆ ಎರಡನೇ ಕಿಟಕಿಯವನು ಮಾತು ಕೊಟ್ಟಿದ್ದ. ಕೈ ಹಿಡಿದುಕೊಳ್ಳುವ ನೆಪದಲ್ಲಿ ಅವಳು ಅವನ ಅಂಗಿಯ ತೋಳಿಗೆ ಎಲೆಯಡಿಕೆಯ ಸುಣ್ಣ ಒತ್ತಿ ಬಂದಿದ್ದಳು.

ಇಂದು ಯಂತ್ರ ಅವಳನ್ನು ನಾಲ್ಕನೆಯದಕ್ಕೆ ಕಳಿಸಿತು.

"ನೀ ಅಲ್ಲಪ್ಪಾ, ನಿನ್ನೆ ಮಾತು ಕೊಟ್ಟಾಂವ ಬೇಕು. ಅವನ ತೋಳಿಗೆ ಸುಣ್ಣ ಹಚ್ಚೀನಿ."

ಕುಂದರಗಿ ತೋಳು ಮುಂದೆ ಮಾಡಿದ. ಅವಳ ಬೆರಳಿನ ಗುರುತು ಅಲ್ಲಿತ್ತು. ಕತ್ತು ಚಾಚಿ ಉಳಿದ ಕಿಟಕಿಗಳನ್ನು ನೋಡಿದಳು. ಐದೂ ತೋಳುಗಳ ಮೇಲೆ ಅದೇ ಗುರುತು.

"ಒಬ್ಬನಿಗೆ ಹತ್ತಿದ್ದು ಮರುದಿನ ಎಲ್ಲಾರಿಗೂ ಹತ್ತತೈತವ್ವಾ," ಎಂದ.

"ಹಂಗಾರ ಕೊಟ್ಟ ಮಾತು ನೆನಪೈತಿ?"

ಐವರೂ ಒಟ್ಟಿಗೆ ತಲೆಯೆತ್ತಿದರು.

"ಯಾವ ಮಾತವ್ವಾ?"